ಆಟಕ್ಕುಂಟು, ಲೆಕ್ಕಕ್ಕಿಲ್ಲ



ಅಮಾವಾಸ್ಯೆಯ ಬೆಳಿಗ್ಗೆ ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಗೆ ಹೋಗಿಬಂದವರಿಗೆ ಅಲ್ಲಿಯ ಚಿತ್ರವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೊಳೆಯಲ್ಲಿ ಮುಳುಗೆದ್ದು ಒದ್ದೆ ಬಟ್ಟೆಯಲ್ಲೇ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಯ ಕಡೆ ನಡೆಯುವವರು, ಗಾಳಿ ಮೆಟ್ಟಿಕೊಂಡಿದೆ ಎಂದು ಕರೆತಂದ ಮಗಳ ರಟ್ಟೆ ಹಿಡಿದು ಕೂತ ತಾಯಿ, ಕಾಲಿಡಲು ಜಾಗವಿಲ್ಲದೆ ತುಂಬಿ ಬಂದು ನಿಂತ ಬಸ್ಸುಗಳು. ಇದೆಲ್ಲದರ ನಡುವೆ ಸಾಲಾಗಿ ಹಣ್ಣುಕಾಯಿ ಅಂಗಡಿಗಳು. ಪ್ಲಾಸ್ಟಿಕ್ ಬುಟ್ಟಿಯಲ್ಲಿ ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು, ಎಲೆಅಡಿಕೆ, ಊದುಬತ್ತಿ, ಕರ್ಪೂರ. ದೇವರ ಮುಂದೆ ತೆಂಗಿನಕಾಯಿ ಒಡೆಯುತ್ತದೆ, ಕರ್ಪೂರ ಉರಿಯುತ್ತದೆ. ಬಾಳೆಹಣ್ಣು ಮಾತ್ರ ಸದ್ದಿಲ್ಲದೆ ಪ್ರಸಾದವಾಗಿ ವಾಪಸು ಬಂದು, ಬಸ್ಸು ಹತ್ತುವುದರೊಳಗೆ ಮಕ್ಕಳ ಹೊಟ್ಟೆ ಸೇರಿರುತ್ತದೆ.

ಹಿಂದೊಮ್ಮೆ ಅಂಗಡಿಯಾಕೆಯನ್ನು ಕೇಳಿದೆ: “ಅಕ್ಕಾ, ಈ ಹಣ್ಣು ಎಲ್ಲೀವು?”

“ದಾವಣಗೆರಿಂದ ಬರ್ತಾವ್ರಿ.”

“ದಾವಣಗೆರೆಗೆ ಎಲ್ಲಿಂದ ಬರ್ತಾವು?”

“ಅದು ನನಗೇನ್ ಗೊತ್ರಿ ಯಣ್ಣಾ, ಗಾಡಿಯವ್ರಿಗೆ ಗೊತ್ತು.”

ಆಕೆಯ ಅಂಗಡಿಯಿಂದ ನಾಲ್ಕು ಹೆಜ್ಜೆ ಹಿಂದೆ ಹೋದರೆ ತೋಟ. ಅಡಿಕೆ ಸಸಿಗಳ ನಡುವೆ ಬಾಳೆ ಗೊನೆ ತೂಗುತ್ತಿತ್ತು. ಆ ಗೊನೆ ಹಸಿಯಾಗಿ ಹಿತ್ತಲ ಬಾಗಿಲಿನಿಂದ ಹೊರಟು, ಪೇಟೆಯಲ್ಲಿ ಹಣ್ಣಾಗಿ, ಮುಂಬಾಗಿಲಿನಿಂದ ಅದೇ ಊರಿಗೆ ಬಂದು ಆಕೆಯ ಬುಟ್ಟಿ ಸೇರಿದ್ದರೂ ಆಶ್ಚರ್ಯವಿಲ್ಲ. ಸೇರಿತ್ತೋ ಇಲ್ಲವೋ ಹೇಳುವವರು ಯಾರೂ ಇರಲಿಲ್ಲ. ನನ್ನ ಇವತ್ತಿನ ಮಾತೆಲ್ಲ ಅದರ ಬಗ್ಗೆಯೇ.

ನಾವು ಚಿಕ್ಕವರಿದ್ದಾಗ ಆಟಕ್ಕೆ ಒಬ್ಬ ಪುಟ್ಟ ತಮ್ಮನನ್ನೋ ತಂಗಿಯನ್ನೋ ಸೇರಿಸಿಕೊಳ್ಳಬೇಕಾಗುತ್ತಿತ್ತು. ಇಲ್ಲದಿದ್ದರೆ ಮನೆಯಲ್ಲಿ ಅಮ್ಮ ಬಿಡುತ್ತಿರಲಿಲ್ಲ. ಆ ಮಗು ಎಲ್ಲರ ಜೊತೆ ಓಡುತ್ತದೆ, ಬೀಳುತ್ತದೆ, ಆದರೆ ಅದು ಔಟಾದರೂ ಔಟಲ್ಲ, ಗೆದ್ದರೂ ಗೆಲುವಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಹರಿಹರ ತಾಲ್ಲೂಕಿನ ಹೊಳೆಸಾಲಿನಲ್ಲಿ ಬಾಳೆಯ ಸ್ಥಿತಿ ಹೆಚ್ಚುಕಡಿಮೆ ಹೀಗೇ ಇದೆ.

ಮೊದಲು ನೆಲದ ವಿಚಾರ. ಕೂಡ್ಲಿಯಲ್ಲಿ ತುಂಗೆ ಭದ್ರೆಯರು ಒಂದಾಗಿ, ಹೊನ್ನಾಳಿ ದಾಟಿ ಉಕ್ಕಡಗಾತ್ರಿಯ ಮಗ್ಗುಲಿಗೆ ಬರುತ್ತಾರೆ. ಆಚೆ ದಡ ಹಾವೇರಿ ಜಿಲ್ಲೆ, ಈಚೆ ದಡ ದಾವಣಗೆರೆ. ಹೊಳೆಗೆ ಪಂಪ್‌ಸೆಟ್ ಇಟ್ಟವರದು ಒಂದು ಲೋಕ. ಲಕ್ಕವಳ್ಳಿಯ ಭದ್ರಾ ಡ್ಯಾಮಿನ ನಾಲೆಯನ್ನು ನಂಬಿದವರದು ಇನ್ನೊಂದು. ಆ ಡ್ಯಾಮು ತುಂಬಿದರೆ 186 ಅಡಿ, ಎಪ್ಪತ್ತೊಂದೂವರೆ ಟಿಎಂಸಿ. ಆದರೆ ಹರಿಹರ ಇರುವುದು ಅಚ್ಚುಕಟ್ಟಿನ ಬಾಲದಲ್ಲಿ. ಮೇಲಿನವರು ಕುಡಿದು ಬಿಟ್ಟಿದ್ದು ನಮಗೆ. 2023ರ ಬರದಲ್ಲಿ ಭದ್ರಾ ತುಂಬಲಿಲ್ಲ. ನೂರು ದಿನ ಸತತ ನೀರು ಹರಿಸಿ ಎಂದು ದಾವಣಗೆರೆ ಜಿಲ್ಲೆಯ ರೈತರು ರಸ್ತೆಗೆ ಇಳಿದದ್ದು ನಿಮಗೆ ನೆನಪಿರಬೇಕು. ಭತ್ತ ಬೆಳೆಯುವವನಿಗೆ ನೀರಿನ ಈ ಅನುಮಾನ ಸಾಕಾಗಿಹೋಗಿದೆ. ಬೋರು ಕೊರೆಸಿ, ಡ್ರಿಪ್ ಹಾಕಿಸಿ, ಗದ್ದೆಯನ್ನು ತೋಟ ಮಾಡುತ್ತಿದ್ದಾನೆ. ತೋಟ ಎಂದರೆ ಅಡಿಕೆ. ಚನ್ನಗಿರಿ ಕಡೆಯಿಂದ ಶುರುವಾದ ಆಸೆ ಹೊಳೆಸಾಲಿಗೂ ಬಂದಿದೆ.

ಅಡಿಕೆ ಸಸಿ ಎಳವೆಯಲ್ಲಿ ಬಿಸಿಲು ತಡೆಯುವುದಿಲ್ಲ. ಬೇಸಿಗೆಯ ಪಡುವಣ ಬಿಸಿಲಿಗಂತೂ ಸುಟ್ಟು ಕರಕಲಾಗುತ್ತದೆ. ಅದಕ್ಕೊಂದು ನೆರಳು ಬೇಕು. ಆ ನೆರಳೇ ಬಾಳೆ. ಒಂಬತ್ತು ಅಡಿಗೆ ಒಂಬತ್ತು ಅಡಿ ಅಂತರದಲ್ಲಿ ಅಡಿಕೆ ಇಟ್ಟರೆ ಎಕರೆಗೆ 530ರ ಆಸುಪಾಸು ಸಸಿ ಕೂರುತ್ತವೆ, ನಡುನಡುವೆ ಅಷ್ಟೇ ಬಾಳೆ ಕಂದು. ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕು. ಬಾಳೆಗೆ ವರ್ಷ ಸಾಕು. ಮೊದಲ ಗೊನೆ ಹನ್ನೆರಡು ಹದಿಮೂರು ತಿಂಗಳಿಗೆ, ಆಮೇಲೆ ಕೂಳೆ ಬೆಳೆ ಒಂಬತ್ತು ಹತ್ತು ತಿಂಗಳಿಗೊಮ್ಮೆ. ಹೀಗೆ ಮೂರು ಫಸಲು ಕೊಟ್ಟು, ಅಡಿಕೆ ತಲೆ ಎತ್ತುವ ಹೊತ್ತಿಗೆ ಬಾಳೆಗೆ ಮಚ್ಚು ಬೀಳುತ್ತದೆ. ಬೇರೆಯವರ ಕೂಸಿಗೆ ಹಾಲೂಡಿಸಿ, ಕೂಸು ನಡೆಯಲು ಕಲಿತ ದಿನ ಗಂಟುಮೂಟೆ ಕಟ್ಟುವ ದಾದಿ ಅದು.

ನನ್ನ ಸೋದರಮಾವನ ತೋಟದ ಕಥೆಯೂ ಇದೇ. ಅಡಿಕೆ ಹಾಕಿ ಎಷ್ಟು ಖರ್ಚಾಯಿತು ಮಾವ ಎಂದು ಕೇಳಿದರೆ ಸಾಕು, ಅಡ್ಡಪಟ್ಟಿಯ ನೋಟ್‌ಬುಕ್ ತೆಗೆಯುತ್ತಾರೆ. ಸಸಿಗೆ ಇಷ್ಟು, ಗುಂಡಿಗೆ ಇಷ್ಟು, ಕೊಟ್ಟಿಗೆ ಗೊಬ್ಬರ ಇಷ್ಟು ಟ್ರ್ಯಾಕ್ಟರ್ ಲೋಡು, ಡ್ರಿಪ್ ಪೈಪಿಗೆ ಇಷ್ಟು, ಮೋಟರ್ ಸುಟ್ಟು ಎರಡು ಸಲ ಕಾಯಿಲ್ ಕಟ್ಟಿಸಿದ್ದು ಇಷ್ಟು. ಎಲ್ಲ ತಾರೀಖಿನ ಸಮೇತ.

“ಬಾಳಿಂದ ಎಷ್ಟು ಬಂತು ಮಾವ?”

“ಬಾಳೀದೇನ್ ಲೆಕ್ಕ ಬಿಡೋ ತಮ್ಮಾ. ಖರ್ಚಿಗಾತು.”

ಖರ್ಚಿಗಾತು! ಯಾವ ಖರ್ಚಿಗೆ? ಅದೇ ನೋಟ್‌ಬುಕ್ಕಿನಲ್ಲಿ ಬರೆದ ಗೊಬ್ಬರಕ್ಕೆ, ಕಾಯಿಲ್ ಕಟ್ಟಿಸಿದ್ದಕ್ಕೆ, ಸೊಸೈಟಿ ಸಾಲದ ಬಡ್ಡಿಗೆ, ಮೊಮ್ಮಗನ ಶಾಲೆಯ ಫೀಸಿಗೆ, ಮಗಳ ಬಾಣಂತನಕ್ಕೆ. ಅಡಿಕೆಯ ಖರ್ಚು ಪುಸ್ತಕದಲ್ಲಿದೆ, ಆ ಖರ್ಚನ್ನು ಹೊತ್ತ ಬಾಳೆ ಪುಸ್ತಕದಲ್ಲಿಲ್ಲ. ನಾಳೆ ಅಡಿಕೆ ಲಾಭ ಕೊಟ್ಟಾಗ ಊರೆಲ್ಲ ಹೇಳುವುದು, ಅಡಿಕೆ ಹಾಕಿ ಗೆದ್ದರು ಎಂದು.

ಒಂದು ಅಂದಾಜು ಮಾಡೋಣ. ಎಕರೆಯಲ್ಲಿ 500 ಬಾಳೆ ಗೊನೆ ಕೊಟ್ಟಿತು ಎಂದಿಟ್ಟುಕೊಳ್ಳಿ. ಏಲಕ್ಕಿ ಬಾಳೆ, ಗೊನೆಗೆ 12 ಕಿಲೊ. ತೋಟದ ಬಾಗಿಲಲ್ಲಿ ಕಿಲೊಗೆ 20 ರೂಪಾಯಿ ಸಿಕ್ಕಿತು. 6,000 ಕಿಲೊಗೆ 1,20,000 ರೂಪಾಯಿ. ನೀರು, ಕಳೆ, ಕಾವಲು ಹೇಗೂ ಅಡಿಕೆಗೆಂದು ಮಾಡಲೇಬೇಕಾದದ್ದು. ಬೆಲೆ ಅರ್ಧಕ್ಕೆ ಬಿದ್ದರೂ 60,000 ರೂಪಾಯಿ. ಇಂಥ ಮೂರು ಫಸಲು. ಇದು ಕಾಗದದ ಮೇಲಿನ ಲೆಕ್ಕ, ಒಪ್ಪುತ್ತೇನೆ. ನಿಮ್ಮ ತೋಟದ ಅಂಕಿ ಬೇರೆ ಇದ್ದೀತು. ಆದರೆ ಆ ಅಂಕಿ ಏನು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ನನ್ನ ಮಾವನ ಹಾಗೆ ಕೈ ಆಡಿಸುತ್ತಾರೆ.

ಬಾಳೆಯ ದುಡ್ಡು ಯಾಕೆ ಹೀಗೆ ಕಣ್ಣು ತಪ್ಪಿಸುತ್ತದೆ? ಅದು ಗಂಟಾಗಿ ಬರುವುದಿಲ್ಲ. ಅಡಿಕೆಯದು ಹಾಗಲ್ಲ. ಮರದ ಮೇಲಿರುವ ಫಸಲನ್ನೇ ಖೇಣಿ ಕೊಟ್ಟರೆ ಒಂದೇ ಏಟಿಗೆ ಮುಂಗಡ, ಮಂಡಿಗೆ ಹಾಕಿದರೆ ಒಂದೇ ಪಟ್ಟಿ. ಆ ದುಡ್ಡಿನಲ್ಲಿ ಮನೆ ಏಳುತ್ತದೆ, ಕಾರು ಬರುತ್ತದೆ, ಎಲ್ಲರ ಕಣ್ಣಿಗೂ ಬೀಳುತ್ತದೆ. ಬಾಳೆ ಈ ವಾರ ಇಪ್ಪತ್ತು ಗೊನೆ, ಮುಂದಿನ ವಾರ ಮೂವತ್ತು. ಗೊನೆ ಇಲ್ಲದ ವಾರ ಎರಡು ಕಟ್ಟು ಎಲೆ. ದಸರೆಯ ಆಯುಧಪೂಜೆಗೆ, ದೀಪಾವಳಿಯ ಅಂಗಡಿಪೂಜೆಗೆ ಜೋಡಿ ಕಂದು. ಬುಧವಾರ ಬಂದದ್ದು ಭಾನುವಾರದ ಸಂತೆಯೊಳಗೆ ಕರಗಿರುತ್ತದೆ. ಹಾಗೆ ಕರಗುವುದನ್ನೇ ನಾನು ಊರಿನ ಆರ್ಥಿಕತೆ ಎನ್ನುತ್ತೇನೆ. ಬಾಳೆಯ ಐದು ನೂರರ ನೋಟು ಕಿರಾಣಿ ಅಂಗಡಿಗೆ, ಅಲ್ಲಿಂದ ಆಟೊದವನಿಗೆ, ಅಲ್ಲಿಂದ ಟೈಲರ್ ಅಂಗಡಿಗೆ ಹೋಗುತ್ತ ಊರಲ್ಲೇ ನಾಲ್ಕು ಸುತ್ತು ಹಾಕುತ್ತದೆ. ಅಡಿಕೆಯ ಗಂಟು ದಾವಣಗೆರೆಯ ಸೈಟಿಗೆ ಹೋಗಿ ಕೂತುಬಿಡುತ್ತದೆ.

ಗೊನೆ ಕಡಿಯುವುದನ್ನು ಹತ್ತಿರದಿಂದ ನೋಡಿದರೆ ಎಷ್ಟು ಕೈಗಳಿಗೆ ಇದರಲ್ಲಿ ಕೂಲಿ ಇದೆ ಎಂದು ತಿಳಿಯುತ್ತದೆ. ಬೆಳಗಿನ ತಂಪಿನಲ್ಲೇ ಕೆಲಸ ಶುರು. ಒಬ್ಬ ಮಚ್ಚಿನಿಂದ ಗಿಡದ ಸೊಂಟಕ್ಕೆ ಓರೆಯಾಗಿ ಒಂದು ಏಟು ಹಾಕುತ್ತಾನೆ, ಪೂರ್ತಿ ಕಡಿಯುವುದಿಲ್ಲ. ಗೊನೆಯ ಭಾರಕ್ಕೆ ಗಿಡ ತಾನಾಗಿ ನಿಧಾನಕ್ಕೆ ಬಾಗುತ್ತದೆ. ಕೆಳಗೆ ಇನ್ನೊಬ್ಬ ಹೆಗಲ ಮೇಲೆ ಒಣ ಎಲೆಯ ಸಿಂಬಿ ಇಟ್ಟುಕೊಂಡು ನಿಂತಿರುತ್ತಾನೆ. ಗೊನೆ ನೆಲ ಮುಟ್ಟಬಾರದು, ಮುಟ್ಟಿದರೆ ಕಾಯಿ ಕಪ್ಪಾಗುತ್ತದೆ. ಹೆಗಲಿಗೆ ಬಂದ ಮೇಲೆ ಕಾವಿಗೆ ಎರಡನೇ ಏಟು. ಬಳಬಳನೆ ಸೊನೆ ಸುರಿಯುತ್ತದೆ. ಆ ಸೊನೆಯ ಕಲೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ಅದಕ್ಕೇ ಬಾಳೆ ಕಡಿಯುವವನ ಅಂಗಿಯನ್ನು ನೋಡಿಯೇ ಕಸುಬು ಹೇಳಬಹುದು. ಅವರ ಹಿಂದೆ ಹೆಣ್ಣುಮಕ್ಕಳು. ಎಲೆ ಕೊಯ್ದು ಸುರುಳಿ ಮಾಡುವುದು, ಒಣ ಗರಿ ಸವರುವುದು, ಹೆಚ್ಚಾದ ಕಂದು ಕೀಳುವುದು, ಬಿದ್ದ ದಿಂಡನ್ನು ದನಕ್ಕೆ ಕೊಚ್ಚಿ ಹಾಕುವುದು. ಎಲೆ ಕೊಯ್ಯುವುದಕ್ಕೂ ಒಂದು ಹದ ಇದೆ. ಗೊನೆ ತುಂಬಬೇಕಾದರೆ ಎಂಟು ಹತ್ತು ಎಲೆಯಾದರೂ ಗಿಡದ ಮೇಲಿರಬೇಕು. ಮದುವೆ ಸೀಸನ್ನಿನ ಎಲೆಯ ಆಸೆಗೆ ಬಿದ್ದರೆ ಗೊನೆ ಬಡಕಲಾಗುತ್ತದೆ. ಇದನ್ನು ಕೂಲಿ ಹೆಣ್ಣುಮಗಳು ಬಲ್ಲಳು, ಎಷ್ಟೋ ಸಲ ತೋಟದ ಯಜಮಾನ ಮರೆಯುತ್ತಾನೆ. ಶರಣರ ಮಾತಿನಲ್ಲಿ ಕದಳಿ, ಅಂದರೆ ಬಾಳೆ, ಬಹಳ ದೊಡ್ಡ ಶಬ್ದ. ಅಕ್ಕಮಹಾದೇವಿ ಹೊಕ್ಕದ್ದು ಕದಳಿ ವನವನ್ನು. ಶರಣ ಸಾಹಿತ್ಯ ಪರಿಷತ್ತಿನ ಮಹಿಳಾ ವೇದಿಕೆಗೂ ಅದೇ ಹೆಸರು. ನಮ್ಮ ಹೊಳೆಸಾಲಿನ ಕದಳಿಯಲ್ಲಿ ದಿನವಿಡೀ ಬಗ್ಗಿ ದುಡಿಯುವವರೂ ಹೆಂಗಸರೇ.

ಗೊನೆ ತೂಕಕ್ಕೆ ಬಂತು. ಇಲ್ಲಿ ಸ್ವಲ್ಪ ನಿಲ್ಲೋಣ. ವ್ಯಾಪಾರಿ ತಕ್ಕಡಿಗೆ ಗೊನೆ ನೇತುಹಾಕಿ, ತೂಕ ಕೂಗಿ, ಒಂದು ಕಿಲೊ ಕಳೆದು ಬರೆದುಕೊಳ್ಳುತ್ತಾನೆ. ಯಾಕಪ್ಪಾ ಎಂದರೆ, ಕಾವಿನ ತೂಕ ಸ್ವಾಮಿ, ಸೂಟು. ಕಾವು ತಿನ್ನಲು ಬರುವುದಿಲ್ಲ, ಸರಿ. ಆದರೆ 12 ಕಿಲೊದ ಗೊನೆಗೂ ಒಂದು ಕಿಲೊ, 25 ಕಿಲೊದ ಗೊನೆಗೂ ಒಂದೇ ಕಿಲೊ! ನಮ್ಮ ಲೆಕ್ಕದ 500 ಗೊನೆಗೆ 500 ಕಿಲೊ ಸೂಟಿನಲ್ಲೇ ಹೋಯಿತು. 20 ರೂಪಾಯಿಯಂತೆ 10,000 ರೂಪಾಯಿ. ಸಣ್ಣ ಗೊನೆಯ ಏಲಕ್ಕಿ ಬಾಳೆಗೆ ಈ ಏಟು ಹೆಚ್ಚು. ನಮ್ಮ ತೋಟದಲ್ಲೇ ಒಮ್ಮೆ ಹೀಗೆ ಬರೆದುಕೊಂಡಾಗ ನಾನು ತಕರಾರು ತೆಗೆದೆ. ಆ ವ್ಯಾಪಾರಿ ಬಹಳ ಮರ್ಯಾದೆಯಿಂದ, “ಹಂಗಾದ್ರೆ ಬ್ಯಾರೇರಿಗೆ ಕೊಡ್ರಿ ಸಾರ್” ಎಂದು ತಕ್ಕಡಿ ಬಿಚ್ಚತೊಡಗಿದ. ಕಡಿದ ಗೊನೆ ಅಂಗಳದಲ್ಲಿದೆ, ಮಧ್ಯಾಹ್ನದ ಬಿಸಿಲು ಏರುತ್ತಿದೆ. ಬೇರೆಯವರು ಯಾರು, ಎಲ್ಲಿದ್ದಾರೆ? ಸುಮ್ಮನಾದೆ. ಅಡಿಕೆಯಾದರೆ ಚೀಲ ಕಟ್ಟಿ ಆರು ತಿಂಗಳು ಅಟ್ಟದ ಮೇಲಿಡಬಹುದು. ಬಾಳೆ ಆರು ದಿನ ಕಾಯುವುದಿಲ್ಲ. ಬೆಳೆಗಾರನ ದನಿ ಸಣ್ಣದಾಗುವುದು ಅಲ್ಲಿಯೇ.

ಅಡಿಕೆಗೆ ಸಹಕಾರ ಸಂಘಗಳಿವೆ, ಚನ್ನಗಿರಿಯಲ್ಲಿ ತುಮ್ಕೋಸ್, ಕರಾವಳಿಯಲ್ಲಿ 1973ರಿಂದ ಕ್ಯಾಂಪ್ಕೊ. ಬೆಲೆ ಬಿದ್ದರೆ ಪತ್ರಿಕೆಯ ಮುಖಪುಟದಲ್ಲಿ ಸುದ್ದಿ, ಸಂಸತ್ತಿನಲ್ಲಿ ಪ್ರಶ್ನೆ. ಹಣ್ಣು ತರಕಾರಿಗೆ ಹಾಪ್‌ಕಾಮ್ಸ್ ಇದೆ. ಅದು 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಹುಟ್ಟಿದ್ದು ಎಂಬುದು ಎಷ್ಟೋ ಮಂದಿಗೆ ಗೊತ್ತಿಲ್ಲ. ದ್ರಾಕ್ಷಿಯವರು ಸೇರಿ ಕಟ್ಟಿದ್ದನ್ನು ನಾಡೆಲ್ಲ ಬಳಸಿತು. ಬಾಳೆಯವರು ಸೇರಿ ಏನನ್ನೂ ಕಟ್ಟಲಿಲ್ಲ, ಯಾಕೆಂದರೆ ಬಾಳೆಯವರು ಎಂದು ಯಾರೂ ತಮ್ಮನ್ನು ಕರೆದುಕೊಳ್ಳುವುದಿಲ್ಲ. ಕೇಳಿ ನೋಡಿ, ನಾನು ಅಡಿಕೆಯವನು ಎನ್ನುತ್ತಾರೆ, ನಾನು ಭತ್ತದವನು ಎನ್ನುತ್ತಾರೆ.

ಈಗ ತಳಿಯ ಮಾತು. ಪೂಜೆಗೆ, ತಾಂಬೂಲಕ್ಕೆ ನಮಗೆ ಬೇಕಾದದ್ದು ಏಲಕ್ಕಿ ಬಾಳೆ, ಕೆಲವರು ಪುಟ್ಟಬಾಳೆ ಎನ್ನುತ್ತಾರೆ. ವರಮಹಾಲಕ್ಷ್ಮಿ, ಗೌರಿ ಗಣೇಶ, ದಸರೆ ಬಂತೆಂದರೆ ಪೇಟೆಯಲ್ಲಿ ಕಿಲೊಗೆ 100 ರೂಪಾಯಿ ದಾಟಿದ್ದನ್ನು ಈಚಿನ ವರ್ಷಗಳಲ್ಲಿ ಕಂಡಿದ್ದೇವೆ. ಪಚ್ಚಬಾಳೆ, ಅಂದರೆ ಈಗ ಜಿ-9 ಎಂದು ಎಲ್ಲರ ಬಾಯಲ್ಲಿ ಇರುವ ಅಂಗಾಂಶ ಕೃಷಿಯ ಗಿಡ, ಗೊನೆಗೆ 25 ಕಿಲೊದ ಮೇಲೆ ತೂಗುತ್ತದೆ. ಆದರೆ ಎಲ್ಲ ತೋಟವೂ ಒಟ್ಟಿಗೆ ಗೊನೆ ಬಿಟ್ಟ ವರ್ಷ ಕಿಲೊಗೆ 5 ರೂಪಾಯಿಗೂ ಕೇಳುವವರಿರುವುದಿಲ್ಲ. ಆಗ ಟ್ರ್ಯಾಕ್ಟರ್ ಹೊಡೆಸಿ ತೋಟ ಮಣ್ಣುಪಾಲು ಮಾಡಿದವರ ಫೋಟೊ ಬರುತ್ತದೆ. ಉತ್ತರ ಕರ್ನಾಟಕದವರ ರಾಜಾಪುರಿ ಗಿಡ್ಡಗೆ ಗಟ್ಟಿಯಾಗಿದ್ದು ಗಾಳಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಬಯಲುಗಾಳಿಯ ನಮ್ಮ ಹೊಳೆದಂಡೆಗೆ ಇದು ಇನ್ನಷ್ಟು ಬರಬೇಕಿತ್ತು ಎಂಬುದು ನನ್ನ ಅನಿಸಿಕೆ.

ಒಂದೇ ತಳಿಯನ್ನು ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಂಜನಗೂಡಿಗಿಂತ ಹತ್ತಿರದ ಉದಾಹರಣೆ ಬೇಡ. ಅಲ್ಲಿಯ ರಸಬಾಳೆಗೆ ಭೌಗೋಳಿಕ ಸೂಚಿಕೆಯ ಗುರುತು ಸಿಕ್ಕಿತು. ಸಿಗುವ ಹೊತ್ತಿಗೆ ಪನಾಮ ಸೊರಗು ರೋಗ ತೋಟಗಳನ್ನೇ ತಿಂದುಹಾಕಿತ್ತು. ಹೆಸರು ಉಳಿಯಿತು, ಹಣ್ಣು ಅಪರೂಪವಾಯಿತು. ಮಧ್ಯ ಅಮೆರಿಕದಲ್ಲೂ ಕಳೆದ ಶತಮಾನದ ಮಧ್ಯದಲ್ಲಿ ಗ್ರೋ ಮಿಷೆಲ್ ಎಂಬ ತಳಿ ಇದೇ ರೋಗಕ್ಕೆ ಸಿಕ್ಕಿ ಪೇಟೆಯಿಂದಲೇ ಮಾಯವಾಯಿತು. ಅದರ ಜಾಗಕ್ಕೆ ಬಂದದ್ದು ಕ್ಯಾವೆಂಡಿಷ್, ನಮ್ಮ ಪಚ್ಚಬಾಳೆಯ ಕುಲ. ಈಗ ಆ ರೋಗದ ಹೊಸ ಬಗೆ ಕ್ಯಾವೆಂಡಿಷನ್ನೂ ಬಿಡುತ್ತಿಲ್ಲ. ಬಿಹಾರ, ಉತ್ತರ ಪ್ರದೇಶದವರೆಗೆ ಬಂದಿದೆ. ಏಲಕ್ಕಿ ಬಾಳೆಗೆ ಹಳೆಯ ಬಗೆಯೇ ಸಾಕು ಸೊರಗಲು. ಈ ಶಿಲೀಂಧ್ರ ಮಣ್ಣಿನಲ್ಲಿ ಹತ್ತಾರು ವರ್ಷ ಕೂರುತ್ತದೆ. ಹರಡುವುದು ಕಂದಿನ ಜೊತೆ, ಸಲಿಕೆಗೆ ಅಂಟಿದ ಮಣ್ಣಿನ ಜೊತೆ, ಹರಿಯುವ ನೀರಿನ ಜೊತೆ. ಆದ್ದರಿಂದ ಪಕ್ಕದ ತೋಟದಲ್ಲಿ ಪುಗಸಟ್ಟೆ ಸಿಕ್ಕಿತೆಂದು ಕಂದು ತಂದು ನೆಡುವವರು ಆ ತೋಟದ ಗಿಡದ ಕೆಳಗಿನ ಎಲೆ ಅಕಾಲದಲ್ಲಿ ಹಳದಿಯಾಗಿ ಜೋತಿದೆಯೇ, ದಿಂಡಿನ ಬುಡ ಸೀಳಿದೆಯೇ ಎಂದು ನೋಡಿಕೊಳ್ಳಿ. ಅನುಮಾನ ಬಂದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ಚೂರು ಒಯ್ದು ತೋರಿಸಿ.

ರೋಗಕ್ಕಿಂತ ಬೇಗ ಬರುವುದು ಗಾಳಿ. ಏಪ್ರಿಲ್, ಮೇ ತಿಂಗಳ ಸಂಜೆ, ಪಡುವಣದಲ್ಲಿ ಮೋಡ ಕಟ್ಟಿ, ಹತ್ತು ನಿಮಿಷ ಬೀಸಿತೆಂದರೆ ಮುಗಿಯಿತು. ಬಾಳೆಯನ್ನು ನಾವು ಬಾಯಿಮಾತಿಗೆ ಮರ ಎನ್ನುತ್ತೇವೆ, ಅದು ಮರವಲ್ಲ. ಎಲೆಯ ತೊಟ್ಟುಗಳೇ ಒಂದರ ಮೇಲೊಂದು ಸುತ್ತಿಕೊಂಡ ಕಂಬ, ಒಳಗೆ ನೀರು. ತಲೆಯ ಮೇಲೆ ಹತ್ತಿಪ್ಪತ್ತು ಕಿಲೊ ಹೊತ್ತು ನಿಂತ ನೀರಿನ ಕಂಬ ಬಿರುಗಾಳಿಗೆ ಹೇಗೆ ತಡೆದೀತು? ಕವೆಗೋಲು ಕೊಟ್ಟವರದು ಅಷ್ಟಿಷ್ಟು ಉಳಿಯುತ್ತದೆ. ಇನ್ನು ಮಳೆಗಾಲದಲ್ಲಿ ಹೊಳೆ. ಗಾಜನೂರಿನ ತುಂಗಾ ಅಣೆಕಟ್ಟೆ ಚಿಕ್ಕದು, ಶೃಂಗೇರಿ ತೀರ್ಥಹಳ್ಳಿಯ ಕಡೆ ಜೋರಾಗಿ ಹೊಯ್ದರೆ ನೀರೆಲ್ಲ ಸೀದಾ ಕೆಳಗೆ. ಮೇಲೆ ಭದ್ರಾ ಗೇಟೂ ತೆರೆದರಂತೂ ಉಕ್ಕಡಗಾತ್ರಿಯ ಸ್ನಾನಘಟ್ಟ, ಅಂಗಡಿಸಾಲು, ಪಕ್ಕದ ಊರಿನ ದಾರಿ ಎಲ್ಲ ನೀರಿನಲ್ಲಿ. 2019ರ ಆಗಸ್ಟ್ ನೆನಪಿಸಿಕೊಳ್ಳಿ. ಬಾಳೆಗೆ ನೀರು ಬೇಕು, ಆದರೆ ನಿಂತ ನೀರು ಬೇಡ. ಮೂರು ನಾಲ್ಕು ದಿನ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಹೊಳೆ ಇಳಿದು ಹದಿನೈದು ದಿನವಾದ ಮೇಲೆ ತೋಟ ಹಳದಿಯಾಗುತ್ತದೆ. ನೆರೆ ನೋಡಲು ಬಂದ ಜೀಪು ಅಷ್ಟರಲ್ಲಿ ತಿರುಗಿ ಹೋಗಿರುತ್ತದೆ.

ಪರಿಹಾರದ ಮಾತಿಗೆ ಬಂದಾಗ ಬಾಳೆ ಲೆಕ್ಕಕ್ಕಿಲ್ಲ ಎಂಬುದು ಬರೀ ಗಾದೆಯಾಗಿ ಉಳಿಯುವುದಿಲ್ಲ. ಪ್ರಕೃತಿ ವಿಕೋಪದ ಪರಿಹಾರ ಸಿಗಬೇಕಾದರೆ ಬೆಳೆ ಶೇಕಡಾ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿರಬೇಕು. ಯಾವ ಬೆಳೆ? ಪಹಣಿಯಲ್ಲಿ, ಬೆಳೆ ಸಮೀಕ್ಷೆಯಲ್ಲಿ ಇರುವ ಬೆಳೆ. ಅಲ್ಲಿ ಬರೀ ಅಡಿಕೆ ಎಂದಿದ್ದರೆ, ಗಾಳಿಗೆ ಬಿದ್ದದ್ದು ಬಾಳೆ, ನಿಂತಿರುವುದು ಅಡಿಕೆ. ಅಧಿಕಾರಿ ಬಂದು ನೋಡುತ್ತಾರೆ, ಅಡಿಕೆ ಸಸಿ ನೆಟ್ಟಗಿದೆ. ಬರೆದುಕೊಳ್ಳಲು ಅವರಿಗೂ ಏನಿದೆ? 2020ರಿಂದ ರೈತರೇ ಮೊಬೈಲಿನಲ್ಲಿ ತಮ್ಮ ಬೆಳೆಯ ಫೋಟೊ ತೆಗೆದು ಸಮೀಕ್ಷೆಗೆ ಹಾಕುವ ಆ್ಯಪ್ ಬಂದಿದೆ, ಮಿಶ್ರಬೆಳೆ ಎಂದು ಸೇರಿಸಲು ಅವಕಾಶವೂ ಇದೆ. ಆದರೆ ನಾವು ಸೇರಿಸಿದರೆ ತಾನೇ! ಸರ್ಕಾರದಲ್ಲಿ ರೈತರ ವಿವರ ಕೂಡಿಡುವ ವ್ಯವಸ್ಥೆಯ ಹೆಸರೇ ಫ್ರೂಟ್ಸ್! ಹಣ್ಣಿನ ಹೆಸರಿಟ್ಟುಕೊಂಡ ಕಡತದಲ್ಲಿ ನಮ್ಮ ಬಾಳೆಹಣ್ಣು ಇಲ್ಲದಿರುವುದಕ್ಕೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಬಾಳೆಯಿಂದಲೇ ಬದುಕು ಕಟ್ಟಿಕೊಂಡ ಪ್ರಾಂತ್ಯಗಳು ಲೋಕದಲ್ಲಿವೆ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ ಎಲ್ ಓರೊ ಎಂಬ ಪ್ರಾಂತ್ಯ, ಅದರ ಮುಖ್ಯ ಪಟ್ಟಣ ಮಚಾಲ. ತಮ್ಮ ಊರನ್ನು ಅಲ್ಲಿಯವರು ಜಗತ್ತಿನ ಬಾಳೆ ರಾಜಧಾನಿ ಎಂದೇ ಹೇಳಿಕೊಳ್ಳುತ್ತಾರೆ. ಇಡೀ ಈಕ್ವೆಡಾರ್ ಬೆಳೆಯುವುದು ನಮ್ಮ ದೇಶದ ಬೆಳೆಯ ಐದನೇ ಒಂದು ಪಾಲಿನಷ್ಟು. ಆದರೂ ಹೊರದೇಶಕ್ಕೆ ಮಾರುವುದರಲ್ಲಿ ಅದು ಮೊದಲು. ನಾವು ಮೂರು ಕೋಟಿ ಟನ್ನಿಗೂ ಮೇಲೆ ಬೆಳೆದು ಹೆಚ್ಚುಕಡಿಮೆ ಎಲ್ಲವನ್ನೂ ನಾವೇ ತಿನ್ನುತ್ತೇವೆ. ತಿನ್ನುವುದು ತಪ್ಪೇನಲ್ಲ. ಅವರ ಗುಟ್ಟು ಹಣ್ಣಿನಲ್ಲಿಲ್ಲ, ಕಡಿದ ಮೇಲಿನ ಜೋಪಾನದಲ್ಲಿದೆ. ಕಾಯಿ ನೆಲಕ್ಕೆ ತಾಗದಂತೆ ಪ್ಯಾಕಿಂಗ್ ಮನೆಗೆ ಒಯ್ದು, ಚಿಪ್ಪು ಬಿಡಿಸಿ ತೊಳೆದು, ಪೆಟ್ಟಿಗೆಗೆ ಹಾಕಿ, 13 ಡಿಗ್ರಿಯ ಆಸುಪಾಸಿನ ತಂಪಿನಲ್ಲಿ ಹಡಗು ಹತ್ತಿಸುತ್ತಾರೆ. ಅದಕ್ಕಿಂತ ತಂಪಾದರೆ ಸಿಪ್ಪೆ ಕಪ್ಪಾಗುತ್ತದೆ, ನಮ್ಮ ಮನೆಯ ಫ್ರಿಜ್ಜಿನಲ್ಲಿ ಆಗುವ ಹಾಗೆ. ಹಾಗೆಂದು ಆ ಕಡೆಯ ಎಲ್ಲವೂ ನಮಗೆ ಬೇಡ. ನೆಲ, ರೈಲು, ಬಂದರು, ಸರ್ಕಾರ ಎಲ್ಲವನ್ನೂ ಒಂದೇ ಹಣ್ಣಿನ ಕಂಪನಿ ಆಡಿಸಿದ ದೇಶಗಳೂ ಅಲ್ಲಿದ್ದವು. ಬನಾನಾ ರಿಪಬ್ಲಿಕ್ ಎಂಬ ಮಾತನ್ನು ಕಥೆಗಾರ ಓ. ಹೆನ್ರಿ 1904ರಲ್ಲಿ ಬಳಸಿದ್ದು ಅಂಥದನ್ನು ಕಂಡೇ.

ಅಷ್ಟು ದೂರ ಯಾಕೆ? ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಗೆ ಹೋಗಿ. ರಾವೇರ್, ಸಾವ್ದಾ ಸ್ಟೇಷನ್ನುಗಳಿಂದ ರೈಲುಗಟ್ಟಲೆ ಬಾಳೆ ದಿಲ್ಲಿಗೆ ಹೋದದ್ದು ಹಳೆಯ ಮಾತು. ಆಂಧ್ರದ ತಾಡಿಪತ್ರಿಯಿಂದ ಮುಂಬೈ ಬಂದರಿಗೆ ಬಾಳೆಯದೇ ತಂಪು ಕಂಟೇನರುಗಳ ರೈಲು 2020ರಲ್ಲಿ ಹೊರಟಿತು. ತಾಡಿಪತ್ರಿಯ ಬಿಸಿಲಿಗೆ ಹೋಲಿಸಿದರೆ ನಮ್ಮ ಹೊಳೆದಂಡೆ ಸ್ವರ್ಗ. ಹರಿಹರದಲ್ಲಿ ರೈಲ್ವೆ ಸ್ಟೇಷನ್ ಇದೆ, ಊರ ಅಂಚಿನಲ್ಲಿ ಪುಣೆ ಬೆಂಗಳೂರು ಹೆದ್ದಾರಿ ಇದೆ.

ಆದರೆ ನಾನು ಉಕ್ಕಡಗಾತ್ರಿಯ ಬಾಳೆಯನ್ನು ದುಬೈಗೆ ಕಳಿಸಿ ಎನ್ನಲು ಬಂದಿಲ್ಲ. ಅದನ್ನು ಉಕ್ಕಡಗಾತ್ರಿಗೇ ಕಳಿಸಿದರೆ ಮೊದಲಿಗೆ ಸಾಕು. ಅಮಾವಾಸ್ಯೆಗೆ ಅಮಾವಾಸ್ಯೆಗೆ ಸಾವಿರಾರು ಜನ ಬಂದು ಹಣ್ಣುಕಾಯಿ ಕೊಳ್ಳುವ ಕ್ಷೇತ್ರ ಅಂಗಳದಲ್ಲೇ ಇದೆ. ಎಷ್ಟೋ ಬೆಳೆಗಾರರು ಪೇಟೆ ಹುಡುಕಿಕೊಂಡು ಅಲೆಯುತ್ತಾರೆ, ಇಲ್ಲಿ ಪೇಟೆಯೇ ತಿಂಗಳಿಗೊಮ್ಮೆ ಬಸ್ಸು ಹತ್ತಿ ಬರುತ್ತದೆ. ನಡುವೆ ಬೇಕಾದದ್ದು ಒಂದೇ ಒಂದು ಕೋಣೆ, ಕಾಯನ್ನು ಹಣ್ಣು ಮಾಡುವ ಕೋಣೆ. ನಮ್ಮ ಅಜ್ಜಂದಿರು ಗುಂಡಿ ತೋಡಿ, ಬಾಳೆ ಗರಿ ಹೊದಿಸಿ, ಹೊಗೆ ಹಾಕಿ ಮಾಡುತ್ತಿದ್ದ ಕೆಲಸವನ್ನೇ ಇವತ್ತು ಎಥಿಲೀನ್ ಅನಿಲದಿಂದ ಮಾಡುತ್ತಾರೆ. ಹತ್ತು ಲಕ್ಷ ಪಾಲು ಗಾಳಿಗೆ 100 ಪಾಲಿನವರೆಗೆ ಅದಕ್ಕೆ ಕಾನೂನಿನ ಒಪ್ಪಿಗೆ ಇದೆ. ಕ್ಯಾಲ್ಸಿಯಂ ಕಾರ್ಬೈಡಿಗೆ ಒಪ್ಪಿಗೆ ಇಲ್ಲ. ಹೊರಗೆ ಹಳದಿ, ಒಳಗೆ ಕಲ್ಲಿನಂಥ ಕಾಯಿ ಸಿಕ್ಕರೆ ಅವಸರದಲ್ಲಿ ಹಣ್ಣು ಮಾಡಿದ್ದು ಎಂದು ಅನುಮಾನಿಸಬೇಕಾದ್ದೇ. ದೇವರಿಗೆ ಒಯ್ಯುವ ಹಣ್ಣು ಅದಾಗಬಾರದು. ಹತ್ತು ಹದಿನೈದು ಬೆಳೆಗಾರರೋ, ಒಂದು ಹೆಣ್ಣುಮಕ್ಕಳ ಸ್ವಸಹಾಯ ಸಂಘವೋ ಸೇರಿ ಇಂಥ ಒಂದು ಕೋಣೆ ಇಟ್ಟುಕೊಂಡರೆ, ಅಮಾವಾಸ್ಯೆಯ ಲೆಕ್ಕ ನೋಡಿ ನಾಲ್ಕೈದು ದಿನ ಮುಂಚೆ ಗೊನೆ ಕಡಿಯಬಹುದು. ಕಾವಿನ ಸೂಟಿಲ್ಲ, ಲಾರಿ ಬಾಡಿಗೆ ಇಲ್ಲ. “ಬ್ಯಾರೇರಿಗೆ ಕೊಡ್ರಿ” ಎಂದ ವ್ಯಾಪಾರಿಗೆ ಆಗ ಬೇರೆಯವರನ್ನು ತೋರಿಸಬಹುದು.

ಬೆಲೆ ಬಿದ್ದಾಗಿನ ದಾರಿಯನ್ನೂ ಕನ್ನಡಿಗರೇ ತೋರಿಸಿದ್ದಾರೆ. ಕೊರೊನಾ ಕಾಲದಲ್ಲಿ, 2021ರಲ್ಲಿ, ಬಾಳೆಗೊನೆ ಕೊಳ್ಳುವವರಿಲ್ಲದೆ ಕೊಳೆಯುತ್ತಿದ್ದಾಗ ‘ಅಡಿಕೆ ಪತ್ರಿಕೆ’ಯ ಸಂಪಾದಕ ಶ್ರೀಪಡ್ರೆಯವರು ‘ಬಾಕಾಹು’ ಎಂಬ ಅಭಿಯಾನ ಎಬ್ಬಿಸಿದರು. ಬಾಳೆಕಾಯಿ ಹುಡಿ, ಅದರ ಮೊದಲಕ್ಷರಗಳು. ಬಲಿತ ಹಸಿಕಾಯಿಯನ್ನು ಹೆಚ್ಚಿ, ಒಣಗಿಸಿ, ಬೀಸಿದ ಹಿಟ್ಟು. ವಾಟ್ಸಾಪಿನಲ್ಲಿ ಒಬ್ಬರಿಂದೊಬ್ಬರಿಗೆ ಹಬ್ಬಿ ಗೃಹಿಣಿಯರು ದೋಸೆ, ಗುಲಾಬ್ ಜಾಮೂನು ಮಾಡಿ ನೋಡಿದರು. ಅದೇ ವರ್ಷ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲೂ ಉತ್ತರ ಕನ್ನಡ, ದಕ್ಷಿಣ ಕನ್ನಡದ ಮಹಿಳೆಯರ ಈ ಪ್ರಯೋಗದ ಪ್ರಸ್ತಾಪ ಬಂತು. ಬಾಳೆಗೆ ದನಿಯಾದದ್ದು ಅಡಿಕೆಯ ಹೆಸರಿನ ಪತ್ರಿಕೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ದಾದಿಯ ಋಣವನ್ನು ಕೂಸು ಒಂದಿಷ್ಟು ತೀರಿಸಿದಂತಾಯಿತು. ಬೆಣ್ಣೆದೋಸೆಯ ಜಿಲ್ಲೆಯವರಾದ ನಾವು ಹಿಟ್ಟಿನ ವಿಷಯದಲ್ಲಿ ಯಾರಿಗೂ ಕಡಿಮೆ ಇಲ್ಲ, ಒಮ್ಮೆ ಮಾಡಿ ನೋಡಬಹುದು.

ಮತ್ತೆ ಲೆಕ್ಕದ ಮಾತಿಗೆ ಬರೋಣ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳ ಸಿಳ್ಳೆ ಕೇಳಿ ಹೊತ್ತು ತಿಳಿಯುತ್ತಿದ್ದ ಕಾಲವೊಂದಿತ್ತು. ಹರಿಹರದಲ್ಲಿ 1941ರಿಂದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರ ಮಾಡುತ್ತಿತ್ತು. ಹಳ್ಳಿಯ ಹುಡುಗ ಅಲ್ಲಿ ಪಾಳಿಗೆ ಹೋದರೆ ಮನೆಯಲ್ಲಿ ದೀಪ ಉರಿಯುತ್ತಿತ್ತು. ಗಿರಣಿಗಳು ನಿಂತವು, ಕಾರ್ಖಾನೆಯೂ ಮುಚ್ಚಿತು. ಅವುಗಳ ಮೇಲೆ ಬರೆದ ವರದಿಗಳು, ಕಟ್ಟಿದ ಸಮಿತಿಗಳು ಬೇಕಾದಷ್ಟು. ಆ ಮನೆಗಳಿಗೆ ವಾರವಾರ ಕೈಗೆ ಕಾಸು ಬರುವ ಬೇರೆ ದಾರಿ ಯಾವುದಿತ್ತು? ಹಾಲಿನ ಡೇರಿ ಒಂದು, ತೋಟದ ಕೂಲಿ ಒಂದು. ಡೇರಿಯಲ್ಲಿ ಪ್ರತಿ ಲೀಟರಿಗೂ ಚೀಟಿ ಇದೆ, ಡಿಗ್ರಿ ಇದೆ, ಬ್ಯಾಂಕ್ ಖಾತೆ ಇದೆ. ಬಾಳೆಯ ತಕ್ಕಡಿಯ ಹತ್ತಿರ ಇರುವುದು ವ್ಯಾಪಾರಿಯ ಕಿಸೆಯಲ್ಲಿನ ಒಂದು ಚೀಟಿ ಮಾತ್ರ.

ನನ್ನ ಮಾತು ಇಷ್ಟೇ. ಈ ಮಳೆಗಾಲ ಅಡಿಕೆ ಸಸಿ ತರಲು ಹೊರಟವರಲ್ಲಿ ಒಂದು ಕೋರಿಕೆ. ಸಸಿಯ ಜೊತೆ ಇಪ್ಪತ್ತು ರೂಪಾಯಿಯ ಇನ್ನೊಂದು ನೋಟ್‌ಬುಕ್ ತನ್ನಿ. ಅದರ ಮೇಲೆ ‘ಬಾಳೆ’ ಎಂದು ಬರೆಯಿರಿ. ಕಂದು ಎಷ್ಟು, ಗೊನೆ ಎಷ್ಟು, ಯಾವ ತಾರೀಖು, ಯಾವ ಬೆಲೆ, ಸೂಟು ಎಷ್ಟು ಹೋಯಿತು, ಎಲೆ ಕಟ್ಟು ಎಷ್ಟಕ್ಕೆ ಕೊಟ್ಟಿರಿ, ಎಲ್ಲ ಬರೆಯಿರಿ. ಬೆಳೆ ಸಮೀಕ್ಷೆಯ ದಿನ ಫೋಟೊದಲ್ಲಿ ಬಾಳೆಯೂ ಬರಲಿ. ನನ್ನ ಮಾವನಿಗೂ ಅಂಥದೊಂದು ನೋಟ್‌ಬುಕ್ ಕೊಂಡುಕೊಟ್ಟು ಬಂದಿದ್ದೇನೆ. ಮೊನ್ನೆ ಹೋಗಿ ನೋಡಿದೆ. ಮೊದಲ ಪುಟದಲ್ಲಿ ಎರಡೇ ಸಾಲು: ಹದಿನೆಂಟು ಗೊನೆ, ಎರಡು ನೂರ ಹನ್ನೊಂದು ಕಿಲೊ.